ಸತ್ತ ಬ್ಯಾಟರಿ ಮತ್ತೆ ಏಳುವ ಕಥೆ

ಮೂರು ನಾಲ್ಕು ವಾರ ಮೂಲೆ ಹಿಡಿದಿದ್ದ ಮೋಟಾರ್‌ಸೈಕಲ್ಲನ್ನು ಹೊರಗೆ ತಂದು ಚಾವಿ ತಿರುಗಿಸಿದರೆ ದೀಪ ಹಳದಿಯಾಗಿ ಮಿಣುಕುತ್ತದೆ, ಹಾರ್ನ್ ಗಂಟಲು ಕಟ್ಟಿದವರಂತೆ ಕೆಮ್ಮುತ್ತದೆ. ಸ್ಟಾರ್ಟರ್ ಗುಂಡಿ ಒತ್ತಿದರೆ 'ಟಿಕ್' ಎಂಬ ಒಂದು ಸದ್ದು, ಆಮೇಲೆ ಮೌನ. ಬ್ಯಾಟರಿ ಸತ್ತಿದೆ ಎಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಆದರೆ ಹಳೆಯ ಗ್ಯಾರೇಜಿನವರನ್ನು ಕೇಳಿದರೆ ಅವರು ಅಷ್ಟು ಬೇಗ ಮರಣಪತ್ರ ಬರೆದುಕೊಡುವುದಿಲ್ಲ. ಅವರ ಮಾತಿನಲ್ಲಿ 'ಡೌನ್ ಆಗಿದೆ' ಎಂಬುದೇ ಬೇರೆ, 'ಹೋಗಿದೆ' ಎಂಬುದೇ ಬೇರೆ. ಮೊದಲನೆಯದು ಹಸಿವು, ಎರಡನೆಯದು ಸಾವು.

ಈ ಎರಡರ ನಡುವಣ ವ್ಯತ್ಯಾಸಕ್ಕೆ ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ವ್ಯತ್ಯಾಸವನ್ನು ಮರೆತರೆ ತೆರಬೇಕಾದ ಬೆಲೆಯೂ ಇದೆ. ಆ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಮೋಟಾರ್‌ಸೈಕಲ್ಲಿನ ಒಡೆಯರಲ್ಲ.

ಪ್ಯಾರಿಸ್ಸಿನ ಸೀಸದ ಸುರುಳಿ

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆಸಿದ ಕಾಗದವನ್ನೂ ಒಂದರ ಮೇಲೊಂದು ಪೇರಿಸಿ ಜಗತ್ತಿನ ಮೊದಲ ವಿದ್ಯುತ್ಕೋಶವನ್ನು ತೋರಿಸಿದ. ಅದರಿಂದ ವಿದ್ಯುತ್ತು ಸತತವಾಗಿ ಹರಿಯಿತು. ಆದರೆ ಅದರಲ್ಲಿದ್ದ ಸತುವು ಕರಗಿ ಮುಗಿದರೆ ಕೋಶದ ಕಥೆಯೂ ಮುಗಿದಂತೆ. ಇಂದಿನ ಟಾರ್ಚಿನ ಸೆಲ್ಲುಗಳಿಗೂ ಇದೇ ಗತಿ. ಒಮ್ಮೆ ಉಂಡು ಎಸೆಯುವ ಬಾಳೆಲೆಯಂತೆ ಅವುಗಳ ಬಾಳು.

ತೊಳೆದು ಮತ್ತೆ ಬಳಸುವ ತಟ್ಟೆಯಂಥ ಕೋಶವನ್ನು ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಆಗಿನ್ನೂ ಇಪ್ಪತ್ತೈದರ ತರುಣನಾಗಿದ್ದ ಆತ 1859ರಲ್ಲಿ ಎರಡು ಸೀಸದ ಹಾಳೆಗಳ ನಡುವೆ ಅವು ಒಂದಕ್ಕೊಂದು ತಾಗದಂತೆ ಅಡ್ಡಪಟ್ಟಿ ಇಟ್ಟು, ಚಾಪೆಯಂತೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿದ. ಹೊರಗಿನಿಂದ ವಿದ್ಯುತ್ತು ಹಾಯಿಸಿ ನಿಲ್ಲಿಸಿದಾಗ ಆ ಸುರುಳಿ ತಾನು ಪಡೆದುದನ್ನು ಹಿಂದಕ್ಕೆ ಕೊಟ್ಟಿತು. ಬರಿದಾದ ಮೇಲೆ ಮತ್ತೆ ತುಂಬಿದರೆ ಮತ್ತೆ ಕೊಟ್ಟಿತು. ಮರುವರ್ಷ, 1860ರಲ್ಲಿ, ಒಂಬತ್ತು ಕೋಶಗಳನ್ನು ಜೋಡಿಸಿದ ಬ್ಯಾಟರಿಯೊಂದನ್ನು ಆತ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ.

ಇಲ್ಲೊಂದು ಸೋಜಿಗವಿದೆ. ಪ್ಲಾಂಟೆ ತೊಟ್ಟಿಯನ್ನು ಕಟ್ಟಿದಾಗ ಅದನ್ನು ತುಂಬಲು ನಲ್ಲಿಯೇ ಇರಲಿಲ್ಲ. ಮನೆ ಮನೆಗೆ ವಿದ್ಯುತ್ತು ಬರುವುದಿರಲಿ, ಕೆಲಸಕ್ಕೆ ಬರುವ ಡೈನಮೋ ಕೂಡ ಆಗ ಇರಲಿಲ್ಲ. ತನ್ನ ಬ್ಯಾಟರಿಯನ್ನು ಚಾರ್ಜ್ ಮಾಡಲು ಆತ ವೋಲ್ಟಾನ ವಂಶದ ಒಮ್ಮೆ ಬಳಸುವ ಕೋಶಗಳನ್ನೇ ಸುಡಬೇಕಾಗಿತ್ತು. ಹೀಗಾಗಿ ಹತ್ತಕ್ಕೂ ಹೆಚ್ಚು ವರ್ಷ ಇದು ಪ್ರಯೋಗಶಾಲೆಯ ಅಚ್ಚರಿಯಾಗಿಯೇ ಉಳಿಯಿತು. 1871ರಲ್ಲಿ ಜೆನೋಬ್ ಗ್ರಾಮ್ ತನ್ನ ಡೈನಮೋವನ್ನು ಪ್ಯಾರಿಸ್ಸಿನಲ್ಲಿ ತೋರಿಸಿದ ಮೇಲೆ ತೊಟ್ಟಿಗೆ ನಲ್ಲಿ ಸಿಕ್ಕಿತು.

ಇನ್ನೊಂದು ತೊಡಕೂ ಇತ್ತು. ನುಣುಪಾದ ಸೀಸದ ಹಾಳೆಗಳು ವಿದ್ಯುತ್ತನ್ನು ಹಿಡಿದಿಡಲು 'ಪಳಗಬೇಕಾದರೆ' ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತುಂಬಿಸಿ ಬರಿದು ಮಾಡುತ್ತಲೇ ಇರಬೇಕಿತ್ತು. 1881ರ ವೇಳೆಗೆ ಕಮೀಲ್ ಫೋರ್ ಎಂಬಾತ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಹಾಳೆಗೆ ಮೆತ್ತುವ ಉಪಾಯ ಕಂಡುಹಿಡಿದು ಈ ಕಾಲಹರಣವನ್ನು ತಪ್ಪಿಸಿದ. ಆ ವರ್ಷ ಫೋರ್‌ನ ಕೋಶಗಳ ಪೆಟ್ಟಿಗೆಯೊಂದು ಪ್ಯಾರಿಸ್ಸಿನಿಂದ ಗ್ಲಾಸ್ಗೋಗೆ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ನನ ಬಳಿಗೆ, ವಿದ್ಯುತ್ತು ತುಂಬಿಕೊಂಡೇ ಪ್ರಯಾಣ ಮಾಡಿತು. ಹತ್ತು ಲಕ್ಷ ಅಡಿ-ಪೌಂಡು ಶಕ್ತಿ ಅದರಲ್ಲಿದೆ ಎಂದು ಪತ್ರಿಕೆಗಳು ಬೆರಗಾದವು. ಇಂದಿನ ಲೆಕ್ಕದಲ್ಲಿ ಅದು ಆರು ಸಣ್ಣ ಮೋಟಾರ್‌ಸೈಕಲ್ ಬ್ಯಾಟರಿಗಳ ಶಕ್ತಿಗೆ ಸಮ.

ಎಲ್ಲರೂ ಬೆರಗಾಗಲಿಲ್ಲ. ಸಂಗ್ರಾಹಕ ಬ್ಯಾಟರಿಯೆಂಬುದು ಷೇರು ಕಂಪನಿಗಳು ಜನರ ದುಡ್ಡು ಕೀಳಲು ಹೂಡಿದ ಆಟವೆಂಬ ಅರ್ಥದಲ್ಲಿ ಥಾಮಸ್ ಎಡಿಸನ್ 1883ರಲ್ಲಿ ಜರೆದ. ಮುಂದೆ ಅದೇ ಎಡಿಸನ್ ಸೀಸದ ಬದಲು ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿ ಮಾಡಲು ತನ್ನ ಬದುಕಿನ ಹಲವು ವರ್ಷಗಳನ್ನು ಸುರಿದ. ಆದರೂ ವಾಹನಗಳಲ್ಲಿ ಸೀಸದ ಬ್ಯಾಟರಿಯನ್ನು ಆತ ಕದಲಿಸಲಾಗಲಿಲ್ಲ.

ಪೆಟ್ಟಿಗೆಯೊಳಗಿನ ವ್ಯವಹಾರ

ಬ್ಯಾಟರಿಯೊಳಗೆ ವಿದ್ಯುತ್ತು ನೀರಿನಂತೆ ತುಂಬಿಕೊಂಡಿರುತ್ತದೆ ಎಂದು ಭಾವಿಸುವುದು ಸಹಜ. ನಿಜಕ್ಕೂ ಅಲ್ಲಿರುವುದು ಒಂದು ರಾಸಾಯನಿಕ ಸಾಲದ ಖಾತೆ. ತುಂಬಿದ ಬ್ಯಾಟರಿಯಲ್ಲಿ ಧನಾಗ್ರದ ಹಾಳೆಯ ಮೇಲೆ ಸೀಸದ ಡೈಆಕ್ಸೈಡ್, ಋಣಾಗ್ರದಲ್ಲಿ ಸ್ಪಂಜಿನಂಥ ಶುದ್ಧ ಸೀಸ, ನಡುವೆ ಗಂಧಕಾಮ್ಲ ಇರುತ್ತವೆ. ದೀಪ ಹೊತ್ತಿಸಿದಾಗ ಆಮ್ಲದಲ್ಲಿರುವ ಸಲ್ಫೇಟು ಎರಡೂ ಹಾಳೆಗಳಿಗೆ ಅಂಟಿಕೊಂಡು ಸೀಸದ ಸಲ್ಫೇಟಾಗುತ್ತದೆ. ಆಮ್ಲ ತೆಳ್ಳಗಾಗಿ ನೀರಿನತ್ತ ಸಾಗುತ್ತದೆ. ಚಾರ್ಜ್ ಮಾಡಿದಾಗ ಇದೆಲ್ಲ ಹಿಂದುಮುಂದಾಗಿ ನಡೆದು ಸಲ್ಫೇಟು ಮತ್ತೆ ಆಮ್ಲಕ್ಕೆ ಮರಳುತ್ತದೆ.

ಆದ್ದರಿಂದಲೇ ಹಳೆಯ ಮೆಕ್ಯಾನಿಕ್ಕುಗಳು ಬ್ಯಾಟರಿಯ ಆರೋಗ್ಯವನ್ನು ಅದರ ದ್ರವದಿಂದ ಅಳೆಯುತ್ತಿದ್ದರು. ಗಾಜಿನ ಕೊಳವೆಯೊಳಗೆ ತೇಲುವ ಹೈಡ್ರೋಮೀಟರಿನ ಕಡ್ಡಿ, ಪೂರ್ತಿ ತುಂಬಿದ ಬ್ಯಾಟರಿಯಲ್ಲಿ 1.26ರಿಂದ 1.28ರಷ್ಟು ಸಾಪೇಕ್ಷ ಸಾಂದ್ರತೆ ತೋರಿಸುತ್ತದೆ; ಬರಿದಾದುದರಲ್ಲಿ ಸುಮಾರು 1.12ಕ್ಕೆ ಮುಳುಗುತ್ತದೆ. ಒಂದೊಂದು ಕೋಶದ ಒತ್ತಡ ಎರಡು ವೋಲ್ಟಿಗೆ ತುಸು ಮೇಲು. ಮೂರು ಕೋಶ ಸೇರಿದರೆ 6 ವೋಲ್ಟಿನ ಬ್ಯಾಟರಿ, ಆರು ಸೇರಿದರೆ 12 ವೋಲ್ಟಿನದು.

ಈ ಖಾತೆಯಲ್ಲಿ ಒಂದು ಕಠಿಣ ನಿಯಮವಿದೆ: ಸಾಲವನ್ನು ಬೇಗ ತೀರಿಸಬೇಕು. ಹಾಳೆಗಳ ಮೇಲೆ ಆಗತಾನೆ ಕೂತ ಸೀಸದ ಸಲ್ಫೇಟು ನವಿರಾದ ಪುಡಿ. ವಿದ್ಯುತ್ತು ಹಾಯಿಸಿದರೆ ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಹರಳುಗಟ್ಟಿದ ಹಾಳೆ ಚಾರ್ಜನ್ನು ಒಪ್ಪಿಕೊಳ್ಳುವುದಿಲ್ಲ. ಇದೇ 'ಡೌನ್' ಆದ ಬ್ಯಾಟರಿ 'ಹೋದ' ಬ್ಯಾಟರಿಯಾಗುವ ದಾರಿ. ಸುಮ್ಮನೆ ನಿಂತ ಬ್ಯಾಟರಿಯೂ ತಾನಾಗಿಯೇ ಸೋರಿಹೋಗುತ್ತಿರುತ್ತದೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಇಮ್ಮಡಿಯಾಗುವುದರಿಂದ ರಾಯಚೂರಿನ ಬೇಸಿಗೆಯಲ್ಲಿ ನಿಂತ ಬೈಕು ಮಡಿಕೇರಿಯಲ್ಲಿ ನಿಂತದ್ದಕ್ಕಿಂತ ಬೇಗ ಬಸವಳಿಯುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿ ವಾಹನಗಳು ವಾರಗಟ್ಟಲೆ ನಿಂತಾಗ ಎಷ್ಟೋ ಮನೆಗಳಲ್ಲಿ ಈ ಪಾಠ ಅನುಭವಕ್ಕೆ ಬಂತು.

ಬಿಟ್ಟುಹೋದ ನಂಟು, ಮರಳಿ ಬಂದ ನಂಟು

ಮೋಟಾರ್‌ಸೈಕಲ್ಲಿಗೂ ಬ್ಯಾಟರಿಗೂ ಇರುವ ನಂಟು ಮೊದಲಿನಿಂದಲೂ ಸುಸೂತ್ರವಾಗಿರಲಿಲ್ಲ. 1885ರಲ್ಲಿ ಗಾಟ್ಲೀಬ್ ಡೈಮ್ಲರ್ ಮಾಡಿದ, ಮೊದಲ ಪೆಟ್ರೋಲ್ ಮೋಟಾರ್‌ಸೈಕಲ್ ಎನ್ನಬಹುದಾದ ವಾಹನದಲ್ಲಿ ಬ್ಯಾಟರಿಯೇ ಇರಲಿಲ್ಲ. ಜ್ವಾಲೆಯಿಂದ ಕೆಂಪಗೆ ಕಾಯಿಸಿದ ಕೊಳವೆಯೊಂದು ಇಂಧನಕ್ಕೆ ಕಿಚ್ಚಿಡುತ್ತಿತ್ತು. ಆಮೇಲೆ ಫ್ರಾನ್ಸಿನ ಡಿ ದಿಯೋನ್ ಬೂತೋನ್ ಎಂಜಿನ್ನುಗಳು ಬ್ಯಾಟರಿ ಮತ್ತು ಕಾಯಿಲಿನಿಂದ ಕಿಡಿ ಪಡೆಯತೊಡಗಿದವು. ದಾರಿಯ ಮಧ್ಯೆ ಬ್ಯಾಟರಿ ಬರಿದಾದರೆ ಸವಾರನ ಪಾಡು ನಾಯಿಪಾಡು. ತುಂಬಿಸಿಕೊಳ್ಳಲು ಹಳ್ಳಿಗಳಲ್ಲಿ ವಿದ್ಯುತ್ತಿಲ್ಲ, ಬೈಕಿನಲ್ಲಿ ಡೈನಮೋ ಇಲ್ಲ.

ಈ ಕಷ್ಟವನ್ನು ಕಳೆದದ್ದು ಮ್ಯಾಗ್ನೆಟೋ. ಜರ್ಮನಿಯ ರಾಬರ್ಟ್ ಬಾಷ್ 1897ರಲ್ಲಿ ಅದನ್ನು ಮೋಟಾರು ತ್ರಿಚಕ್ರವೊಂದಕ್ಕೆ ಅಳವಡಿಸಿದ. 1902ರಲ್ಲಿ ಅವನ ಸಹೋದ್ಯೋಗಿ ಗಾಟ್ಲೋಬ್ ಹೋನೊಲ್ಡ್ ಅಧಿಕ ಒತ್ತಡದ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದ. ಎಂಜಿನ್ ತಿರುಗುವಷ್ಟು ಕಾಲ ಅಯಸ್ಕಾಂತವೇ ಕಿಡಿ ಕೊಡುತ್ತದೆ; ಬ್ಯಾಟರಿಯ ಹಂಗಿಲ್ಲ. ರಾತ್ರಿಯ ಬೆಳಕಿಗೆ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಉರಿಸುವ ಅಸಿಟಿಲಿನ್ ದೀಪ ಸಾಕಾಗಿತ್ತು. ಬ್ಯಾಟರಿ ಮೋಟಾರ್‌ಸೈಕಲ್ಲಿನಿಂದ ಬಹುತೇಕ ಇಳಿದೇ ಹೋಯಿತು.

ಅದನ್ನು ಮತ್ತೆ ಹತ್ತಿಸಿಕೊಳ್ಳಲು ಆತುರಪಟ್ಟವರು ಬೆರಳು ಸುಟ್ಟುಕೊಂಡರು. ಅಮೆರಿಕದ ಇಂಡಿಯನ್ ಕಂಪನಿ 1914ರಲ್ಲಿ 'ಹೆಂಡಿ ಸ್ಪೆಷಲ್' ಎಂಬ, ವಿದ್ಯುತ್ತಿನಿಂದಲೇ ಚಾಲೂ ಆಗುವ ಮೋಟಾರ್‌ಸೈಕಲ್ಲನ್ನು ಹೊರತಂದಿತು. ಅಂದಿನ ಬ್ಯಾಟರಿಗಳಿಗೆ ಆ ಭಾರ ತಡೆಯಲಾಗಲಿಲ್ಲ; ಅವು ಬೇಗ ಬರಿದಾಗುತ್ತಿದ್ದವು. ಸಾಹಸ ಅಲ್ಲಿಗೇ ನಿಂತಿತು. 1920ರ ದಶಕದಲ್ಲಿ ಡೈನಮೋ ಬಂದು ವಿದ್ಯುದ್ದೀಪ ರೂಢಿಯಾದಾಗ ಬ್ಯಾಟರಿ ದೀಪಕ್ಕಾಗಿ ಮರಳಿತು. ಎರಡನೆಯ ಮಹಾಯುದ್ಧದ ನಂತರ ಕಿಡಿಯ ಕೆಲಸವನ್ನೂ ಹಲವು ಕಂಪನಿಗಳು ಅದಕ್ಕೇ ವಹಿಸಿದವು. ಗುಂಡಿ ಒತ್ತಿ ಚಾಲೂ ಮಾಡುವ ಸುಖವನ್ನು ಹೊಂಡಾದಂಥ ಜಪಾನಿನ ಕಂಪನಿಗಳು 1950ರ ದಶಕದ ಕೊನೆಯಿಂದ ಸಾಮಾನ್ಯ ಸವಾರನಿಗೂ ತಲುಪಿಸತೊಡಗಿದವು.

ಯಾದವಗಿರಿಯ ಬೈಕು

ಭಾರತದ ರಸ್ತೆಗಳಿಗೆ ಈ ಬ್ಯಾಟರಿ-ಕಾಯಿಲ್ ಪದ್ಧತಿಯನ್ನು ಪರಿಚಯಿಸಿದವುಗಳಲ್ಲಿ 1955ರಲ್ಲಿ ಮದ್ರಾಸಿನಲ್ಲಿ ನೆಲೆಯೂರಿದ ಎನ್‌ಫೀಲ್ಡ್ ಬುಲೆಟ್ ಒಂದಾದರೆ, ಮೈಸೂರಿನ ಜಾವಾ ಇನ್ನೊಂದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರಲಾರಂಭಿಸಿದ ಈ ಚೆಕೊಸ್ಲೊವಾಕಿಯಾ ಮೂಲದ ಬೈಕು 1973ರ ನಂತರ ಯೆಜ್ಡಿ ಎಂಬ ಹೆಸರಿನಿಂದ ಮುಂದುವರಿದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಮೈಸೂರಿಗರ ಹೆಮ್ಮೆಯಾಗಿತ್ತು.

ಜಾವಾದ್ದು 6 ವೋಲ್ಟಿನ ಬ್ಯಾಟರಿ. ಕಿಡಿಗೂ ಅದೇ, ದೀಪಕ್ಕೂ ಅದೇ. ಹೀಗಾಗಿ ಬ್ಯಾಟರಿಯನ್ನು ಅರಿಯದೆ ಆ ಬೈಕನ್ನು ಆಳುವುದು ಸಾಧ್ಯವಿರಲಿಲ್ಲ. ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ಮೂರು ಬಿರಡೆ ಬಿಚ್ಚಿ ದ್ರವದ ಮಟ್ಟ ನೋಡುವುದು, ಇಳಿದಿದ್ದರೆ ಭಟ್ಟಿ ಇಳಿಸಿದ ನೀರು ಹನಿಸುವುದು, ತುದಿಗಳಲ್ಲಿ ಬೆಳೆದ ಬಿಳಿ ಹಸಿರು ಬೂಷ್ಟನ್ನು ಬಿಸಿನೀರಿನಿಂದ ತೊಳೆದು ವ್ಯಾಸಲೀನ್ ಸವರುವುದು ಭಾನುವಾರದ ಕೆಲಸಗಳ ಪಟ್ಟಿಯಲ್ಲಿ ಸೇರಿದ್ದವು. ಬ್ಯಾಟರಿ ಕೈಕೊಟ್ಟರೆ ಬೈಕನ್ನು ಇಳಿಜಾರಿಗೆ ತಂದು, ಎರಡನೇ ಗೇರಿನಲ್ಲಿಟ್ಟು, ತಳ್ಳಿ ಕ್ಲಚ್ಚು ಬಿಡುವುದು ವಾಡಿಕೆ. ಈ ಉಪಾಯದ ಹಿಂದೆಯೂ ವಿಜ್ಞಾನವಿದೆ. ಡೈನಮೋದ ಕಬ್ಬಿಣದಲ್ಲಿ ಅಲ್ಪಸ್ವಲ್ಪ ಅಯಸ್ಕಾಂತತೆ ಉಳಿದೇ ಇರುತ್ತದೆ. ಚಕ್ರ ವೇಗವಾಗಿ ತಿರುಗಿದರೆ ಅಷ್ಟೇ ಬಂಡವಾಳದಿಂದ ವಿದ್ಯುತ್ತು ಹುಟ್ಟಿ ಒಂದು ಕಿಡಿಗೆ ದಾರಿಯಾಗುತ್ತದೆ.

ತಳ್ಳಿದರೂ ಏಳದಿದ್ದರೆ ಬ್ಯಾಟರಿ ಚಾರ್ಜಿಂಗ್ ಅಂಗಡಿ ಇದ್ದೇ ಇತ್ತು. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಆಮ್ಲದ ಘಾಟು ಹೊಮ್ಮಿಸುತ್ತಿದ್ದ ಈ ಅಂಗಡಿಗಳಲ್ಲಿ ಲಾರಿ, ಟ್ರ್ಯಾಕ್ಟರುಗಳ ದೊಡ್ಡ ಬ್ಯಾಟರಿಗಳ ಸಾಲಿನಲ್ಲಿ ಬೈಕಿನ ಪುಟ್ಟ ಬ್ಯಾಟರಿಯೂ ರಾತ್ರಿ ಕಳೆಯುತ್ತಿತ್ತು. ಹಳ್ಳಿಗಳಿಗೆ ವಿದ್ಯುತ್ತು ಬರುವ ಮೊದಲು ವಾಲ್ವ್ ರೇಡಿಯೋಗಳ ಬ್ಯಾಟರಿಗಳೂ ಹೀಗೆಯೇ ಪೇಟೆಗೆ ಬಂದು ತುಂಬಿಕೊಂಡು ಊರಿಗೆ ಮರಳುತ್ತಿದ್ದವು. ಪ್ಲಾಂಟೆಯ ತೊಟ್ಟಿಯನ್ನು ಎಲ್ಲಿ ತುಂಬಿಸಬೇಕೆಂಬ ಪ್ರಶ್ನೆಗೆ ನಮ್ಮ ಪೇಟೆಗಳು ಕಂಡುಕೊಂಡ ಉತ್ತರವಿದು.

1980ರ ದಶಕದ ನಡುವಿನಲ್ಲಿ ಹೀರೋ ಹೊಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಮುಂತಾದ ನೂರು ಸಿಸಿ ಬೈಕುಗಳು ಬಂದಾಗ ಚಿತ್ರ ಬದಲಾಯಿತು. ಅವುಗಳ ಕಿಡಿ ಎಂಜಿನ್ನಿನ ಮ್ಯಾಗ್ನೆಟೋದಿಂದಲೇ ಬರುತ್ತಿತ್ತು. ಬ್ಯಾಟರಿ ಪೂರ್ತಿ ಬರಿದಾದರೂ ಒಂದು ಕಿಕ್ಕಿಗೆ ಎಂಜಿನ್ ಏಳುತ್ತಿತ್ತು. ಹಾರ್ನ್, ಇಂಡಿಕೇಟರು ಇಲ್ಲದೆಯೂ ಜನ ತಿಂಗಳುಗಟ್ಟಲೆ ಓಡಿಸಿದರು. ಬ್ಯಾಟರಿಯ ಆರೈಕೆ ಮರೆತದ್ದು ಈ ಹಂತದಲ್ಲಿ. ಚಕ್ರ ಮತ್ತೊಂದು ಸುತ್ತು ಬಂದಿದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗಲೆಲ್ಲ ಮುಂದೀಪ ಉರಿಯುವುದು ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬ್ಯುರೇಟರಿನ ಜಾಗವನ್ನು ಬಹುಮಟ್ಟಿಗೆ ವಿದ್ಯುತ್ ಪಂಪಿನ ಇಂಧನ ಚಿಮ್ಮುವ ವ್ಯವಸ್ಥೆ ಆಕ್ರಮಿಸಿತು. ಅನೇಕ ಬೈಕುಗಳಲ್ಲಿ ಕಿಕ್ ಹಿಡಿಯೇ ಇಲ್ಲ. ಬ್ಯಾಟರಿ ಮತ್ತೆ ಬೈಕಿನ ಪ್ರಾಣವಾಗಿದೆ. ಅದನ್ನು ನೋಡಿಕೊಳ್ಳುವ ವಿದ್ಯೆ ಮಾತ್ರ ನಡುವೆ ಕೈತಪ್ಪಿದೆ.

ಎಬ್ಬಿಸುವ ಕ್ರಮ

ಈ ವಿದ್ಯೆ ಕಷ್ಟದ್ದೇನಲ್ಲ. ಮೊದಲ ಕೆಲಸ ಬ್ಯಾಟರಿಯನ್ನು ತಲುಪುವುದು. ಸೀಟಿನ ಕೆಳಗೆ, ಪಕ್ಕದ ಮುಚ್ಚಳದ ಹಿಂದೆ, ಸ್ಕೂಟರುಗಳಲ್ಲಿ ಕಾಲಿಡುವ ಹಲಗೆಯ ಅಡಿಯಲ್ಲಿ, ಹೀಗೆ ಅದರ ಅಡಗುದಾಣ ಹಲವು. ಕೆಲವು ಹೊಸ ವಾಹನಗಳಲ್ಲಿ ಸೀಟಿನ ಬೀಗವೇ ವಿದ್ಯುತ್ತಿನಿಂದ ತೆರೆಯುವುದರಿಂದ ಕಷ್ಟ ಇಮ್ಮಡಿ: ಬ್ಯಾಟರಿ ಸಿಗಬೇಕಾದರೆ ಬ್ಯಾಟರಿ ಬದುಕಿರಬೇಕು. ಅಂಥ ವಾಹನಗಳಲ್ಲಿ ಸಾಮಾನ್ಯವಾಗಿ ಕೈಯಿಂದ ಎಳೆಯುವ ತಂತಿಯೋ ಬೇರೊಂದು ಕೀಲಿಕಿಂಡಿಯೋ ಇರುತ್ತದೆ. ಮಾಲೀಕರ ಕೈಪಿಡಿಯನ್ನು ಸೀಟಿನ ಕೆಳಗೇ ಇಟ್ಟು ಬೀಗ ಹಾಕದಿರುವುದು ಜಾಣತನ.

ಇಂದಿನ ಬೈಕುಗಳಲ್ಲಿ ಋಣ ತುದಿಯ ತಂತಿಯನ್ನು ಮೊದಲು ಬಿಚ್ಚಬೇಕು, ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಕಟ್ಟಬೇಕು. ಬೈಕಿನ ಚೌಕಟ್ಟೆಲ್ಲ ಋಣ ತುದಿಗೇ ಸೇರಿರುವುದರಿಂದ ಧನ ತುದಿಯ ಸ್ಪ್ಯಾನರು ಅಕಸ್ಮಾತ್ ಚೌಕಟ್ಟಿಗೆ ತಾಗಿದರೂ ಕಿಡಿ ಹಾರಬಾರದೆಂಬುದು ಇದರ ಉದ್ದೇಶ. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಡಬೇಕು. ಚಾರ್ಜಾಗುವಾಗ ಹೊಮ್ಮುವ ಜಲಜನಕ ಒಂದು ಬೀಡಿಯ ಕೆಂಡಕ್ಕೂ ಸಿಡಿಯಬಲ್ಲದು. ಬಿರಡೆಗಳಿರುವ ಬ್ಯಾಟರಿಯಾದರೆ ಹಾಳೆಗಳು ಮುಳುಗುವಷ್ಟು ಭಟ್ಟಿ ನೀರು ಹಾಕಬೇಕು. ನಲ್ಲಿಯ ನೀರಿನ ಲವಣಗಳು ಅದಕ್ಕೆ ವಿಷ. ಆಮ್ಲ ಸುರಿಯುವುದಂತೂ ತಪ್ಪು; ಇಂಗಿಹೋಗುವುದು ನೀರೇ ಹೊರತು ಆಮ್ಲವಲ್ಲ. ಮುಚ್ಚಿ ಮೊಹರು ಮಾಡಿದ ಬ್ಯಾಟರಿಗಳಲ್ಲಿ ಆಮ್ಲವನ್ನು ಗಾಜಿನ ನೂಲಿನ ಚಾಪೆಯೋ ಅಂಟಿನಂಥ ಜೆಲ್ಲೋ ಹೀರಿಕೊಂಡಿರುತ್ತದೆ. ಅವನ್ನು ಬಿಚ್ಚಲೇಬಾರದು.

ಚಾರ್ಜ್ ಮಾಡುವಾಗ ಬೇಕಾದ ಮುಖ್ಯ ಗುಣ ತಾಳ್ಮೆ. ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಪಾಲು ಪ್ರವಾಹ ಸಾಕೆಂಬುದು ಹಳೆಯ ಸೂತ್ರ. 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಅರ್ಧ ಆಂಪಿಯರು. ಹತ್ತು ಹನ್ನೆರಡು ಗಂಟೆಯ ಕಾಲ. ಕಾರಿನ ಚಾರ್ಜರಿನಿಂದ ಗಂಟೆಯೊಳಗೆ ಮುಗಿಸಲು ಹೋದರೆ ಪುಟ್ಟ ಬ್ಯಾಟರಿ ಕುದಿದು ಹಾಳೆಗಳು ಬಾಗುತ್ತವೆ. ಇತ್ತೀಚೆಗೆ ಕೆಲವು ಬೈಕುಗಳಿಗೆ ಬಂದಿರುವ ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರು ಬೇಕು.

ಚಾರ್ಜಾದ ಮೇಲೆ ಒಂದು ದಿನ ಸುಮ್ಮನೆ ಬಿಟ್ಟು ಅಳೆದರೆ ತೀರ್ಪು ಸಿಗುತ್ತದೆ. 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸಿನಲ್ಲಿ ನಿಂತರೆ ಅದು ಬದುಕಿದೆ. ಎಷ್ಟೇ ತುಂಬಿಸಿದರೂ ಹತ್ತೂವರೆಯ ಸುತ್ತಲೇ ಸುಳಿಯುತ್ತಿದ್ದರೆ ಆರರಲ್ಲಿ ಒಂದು ಕೋಶ ಸತ್ತಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ. ಚೆನ್ನಾಗಿ ತುಂಬಿದ ಬ್ಯಾಟರಿ ವಾರದಲ್ಲಿ ಮತ್ತೆ ಬರಿದಾದರೆ ತಪ್ಪು ಬ್ಯಾಟರಿಯದಲ್ಲದೆ ಬೈಕಿನ ಚಾರ್ಜಿಂಗ್ ವ್ಯವಸ್ಥೆಯದೂ ಇರಬಹುದು. ಅದನ್ನು ನೋಡದೆ ಹೊಸ ಬ್ಯಾಟರಿ ಕೊಂಡರೆ ಅದೂ ಅದೇ ದಾರಿ ಹಿಡಿಯುತ್ತದೆ.

ಎಸೆದ ಮೇಲಿನ ಕಥೆ

ಇಷ್ಟೆಲ್ಲ ತೊಂದರೆ ಏಕೆ, ಹೊಸದೊಂದನ್ನು ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿಕೊಳ್ಳಬೇಕು. ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಸುಮಾರು ಶೇ. 85ರಷ್ಟು ಬ್ಯಾಟರಿಗಳಿಗೇ ಹೋಗುತ್ತದೆ. ಸೀಸವನ್ನು ಕರಗಿಸಿ ಮತ್ತೆ ಬಳಸುವುದು ಸುಲಭ. ಒಳ್ಳೆಯ ಕಾರ್ಖಾನೆಯಲ್ಲಿ ನಡೆದರೆ ಅದು ಮೆಚ್ಚತಕ್ಕ ಕೆಲಸವೇ. ಆದರೆ ಸುಲಭವೆಂಬ ಕಾರಣಕ್ಕೇ ಊರ ಹೊರಗಿನ ಶೆಡ್ಡುಗಳಲ್ಲಿ, ಮನೆಯ ಹಿತ್ತಲುಗಳಲ್ಲಿ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲೇ ಕರಗಿಸುವುದೂ ನಡೆಯುತ್ತದೆ. ಆ ಹೊಗೆ ಮತ್ತು ಧೂಳು ಅಲ್ಲಿ ದುಡಿಯುವವರ ರಕ್ತ ಸೇರುತ್ತದೆ. ಅವರ ಬಟ್ಟೆಯ ಮೂಲಕ ಮನೆಗೂ ಹೋಗುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸದಿಂದಾಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ.

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸ ಬೆಂಗಳೂರಿನಲ್ಲೇ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಪ್ರತಿಷ್ಠಾನ ಸೇರಿ ನಡೆಸಿದ, 1999ರಲ್ಲಿ ಪ್ರಕಟವಾದ ಸಮೀಕ್ಷೆ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಮಿತಿಮೀರಿದ ಸೀಸವಿದೆ ಎಂದು ತೋರಿಸಿತು. ಆಗ ಅದರ ದೊಡ್ಡ ಮೂಲ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದು ಆ ಮೂಲ ಬತ್ತಿತು, ಬ್ಯಾಟರಿಯದು ಉಳಿಯಿತು. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕಪಡುವಷ್ಟು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಹೇಳಿತು. ಬ್ಯಾಟರಿಗಳ ಅಡ್ಡಾದಿಡ್ಡಿ ಮರುಬಳಕೆಯನ್ನು ಪ್ರಮುಖ ಕಾರಣಗಳಲ್ಲಿ ಒಂದೆಂದು ಅದು ಗುರುತಿಸಿತು.

ಕಾನೂನು ಇಲ್ಲದಿಲ್ಲ. 2001ರ ನಿಯಮಗಳು ಮಾರಾಟಗಾರರು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯಬೇಕೆಂದವು. 2022ರ ನಿಯಮಗಳು ಅದರ ಹೊಣೆಯನ್ನು ತಯಾರಕರ ಹೆಗಲಿಗೇ ಏರಿಸಿದವು. ಆದರೆ ಗುಜರಿಯವನು ಮನೆಬಾಗಿಲಲ್ಲಿ ತೂಕಕ್ಕೆ ಕೊಡುವ ನಾಲ್ಕು ಕಾಸಿನ ಆಸೆಗೆ ಬ್ಯಾಟರಿ ಆ ಸರಪಳಿಯಿಂದ ಜಾರಿಬಿಡುತ್ತದೆ. ಅಲ್ಲಿಂದ ಮುಂದೆ ಅದು ಯಾವ ಹಿತ್ತಲು ಸೇರಿತೆಂಬ ಲೆಕ್ಕ ಯಾರಲ್ಲಿಯೂ ಇರುವುದಿಲ್ಲ.

ಆದ್ದರಿಂದ ಸವಾರನ ಕರ್ತವ್ಯ ಎರಡು. ಡೌನ್ ಆದ ಬ್ಯಾಟರಿಯನ್ನು ತಡಮಾಡದೆ ತುಂಬಿಸಿ ಅದರ ಆಯುಷ್ಯವಿರುವಷ್ಟು ದಿನ ದುಡಿಸಿಕೊಳ್ಳುವುದು. ನಿಜಕ್ಕೂ ಸತ್ತುದನ್ನು ಹೊಸದು ಕೊಳ್ಳುವ ಅಂಗಡಿಗೇ ಒಪ್ಪಿಸಿ ರಸೀತಿ ಪಡೆಯುವುದು. ಒಂದು ರಾತ್ರಿಯ ಚಾರ್ಜಿಗೆ ತಗಲುವ ವಿದ್ಯುತ್ತು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವನ್ನೂ ಅಷ್ಟಾಗಿ ಮೀರುವುದಿಲ್ಲ. ಅಷ್ಟು ಸಣ್ಣ ಖರ್ಚಿನಲ್ಲಿ ಇನ್ನೂ ಬದುಕಿರುವ ಬ್ಯಾಟರಿಯೊಂದು ಅಕಾಲದಲ್ಲಿ ಯಾವುದೋ ಹಿತ್ತಲಿನ ಕುಲುಮೆ ಸೇರುವುದು ತಪ್ಪುತ್ತದೆ.